ಮುಕ್ಕಾಲಿಂಚಿನ ಹಗೆ

ದರ್ಜಿಯೊಬ್ಬಳನ್ನು ಕಳ್ಳಿ ಎಂದರೆ ಅವಳಿಗೆ ಸಿಟ್ಟು ಬರುತ್ತದೆ. ಅಳತೆ ಬರದವಳು ಎಂದರೆ ಹೊಟ್ಟೆಯೊಳಗೆ ಬೆಂಕಿ ಬೀಳುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯದವರು ಹೊಲಿಗೆಯಕ್ಕನಿಗೆ ತಲೆ ಕೆಟ್ಟಿತ್ತು ಎಂದು ಇವತ್ತಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರ ಬಾಯಿಗೆ ಬೇರೆ ಕೆಲಸವಿಲ್ಲ.

ಹೊಲಿಗೆಯಕ್ಕನ ಕೋಣೆ ಐಸ್-ಹಾಕಿ ಆಟದ ಕ್ರೀಡಾಂಗಣದ ಗ್ಯಾಲರಿಯ ಅಡಿಯಲ್ಲಿತ್ತು. ಇಳಿಜಾರು ಚಾವಣಿ, ಒಂದು ಕಡೆ ನೆಟ್ಟಗೆ ನಿಂತರೆ ತಲೆ ತಾಗುತ್ತಿತ್ತು. ಬಟ್ಟೆಗೊಂದು, ಚರ್ಮಕ್ಕೊಂದು ಎಂದು ಎರಡು ಹೊಲಿಗೆ ಯಂತ್ರ. ಕೊಕ್ಕೆಗಳಲ್ಲಿ ಒದ್ದೆ ಕೈಗವಸು, ಮೊಣಕಾಲಿನ ಪ್ಯಾಡು, ಹರಿದ ಬೆಲ್ಟು. ಬೆವರಿನ ನಾತಕ್ಕೆ ಹೊಸಬರು ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ಅವಳ ಗಂಡ ಅದೇ ಕ್ರೀಡಾಂಗಣದಲ್ಲಿ ಐಸ್ ಮೇಲಿನ ಗೀರುಗಳನ್ನು ಅಳಿಸಿ ನುಣುಪು ಮಾಡುವ ಗಾಡಿ ಓಡಿಸುತ್ತಿದ್ದ. ದೇವರಂಥ ಮನುಷ್ಯ. ಅಂದರೆ ಯಾರು ಏನು ಮಾಡಿದರೂ ಸುಮ್ಮನಿರುವ ಮನುಷ್ಯ. "ಹೋಗ್ಲಿ ಬಿಡು" ಎನ್ನುವುದು ಬಿಟ್ಟರೆ ಅವನಿಗೆ ಬೇರೆ ಸಲಹೆ ಕೊಡಲು ಬರುತ್ತಿರಲಿಲ್ಲ.

ಅವಳ ಕೈ ಎಂಥದ್ದೆಂದರೆ ಟೇಪು ಹಿಡಿಯುವ ಮೊದಲೇ ಕಣ್ಣು ಅಳೆದು ಮುಗಿಸಿರುತ್ತಿತ್ತು. ಗೋಲ್‌ಕೀಪರ್‌ಗಳು ಬೇರೆ ಊರುಗಳಿಂದ ಬರುತ್ತಿದ್ದರು. ಹಾಕಿಯಲ್ಲಿ ಉಳಿದವರ ಉಡುಪು ಹೇಗಿದ್ದರೂ ನಡೆಯುತ್ತದೆ, ಗೋಲ್‌ಕೀಪರ್‌ನದು ಹಾಗಲ್ಲ. ಅವನು ತೊಡುವ ದಪ್ಪ ಚಡ್ಡಿ, ಪ್ಯಾಡು, ಕೈಗವಸು ಎಲ್ಲಕ್ಕೂ ನಿಯಮದಲ್ಲಿ ಬರೆದಿಟ್ಟ ಅಳತೆಯಿದೆ. ಯಾಕೆಂದರೆ ಉಡುಪು ಅಗಲವಾದಷ್ಟೂ ಹಿಂದಿನ ಗೋಲು ಮುಚ್ಚುತ್ತದೆ, ಮುಷ್ಟಿಯಷ್ಟೇ ಇರುವ ಪಕ್ಕು ಎಂಬ ರಬ್ಬರಿನ ಬಿಲ್ಲೆಗೆ ದಾರಿ ಸಿಗುವುದಿಲ್ಲ.

ಅವಳ ಕೋಣೆಗೊಂದು ಪದ್ಧತಿಯಿತ್ತು. ಹಿಂದೊಮ್ಮೆ ಒಬ್ಬ ಆಟಗಾರ ತೋಳು ಗಿಡ್ಡ ಮಾಡಿ ಎಂದು ಹೇಳಿ ಹೋಗಿ, ಆಮೇಲೆ ಬಂದು ಉದ್ದ ಮಾಡಿ ಎಂದಿದ್ದೆ ಎಂದು ರಂಪ ಮಾಡಿದ್ದ. ಅಂದಿನಿಂದ ಯಾರೇ ಏನೇ ತಿದ್ದಲು ಕೊಟ್ಟರೂ ಅವರ ಕೈಯಲ್ಲೇ ಒಂದು ಬಿಳಿ ಬಟ್ಟೆಪಟ್ಟಿಯ ಮೇಲೆ ಏನು ಬೇಕೆಂದು ಬರೆಸಿ, ಸಹಿ ಹಾಕಿಸಿ, ಆ ಪಟ್ಟಿಯನ್ನು ಅದೇ ಉಡುಪಿನ ಸೊಂಟಪಟ್ಟಿಯ ಒಳಗೆ ಸೇರಿಸಿ ಹೊಲಿದುಬಿಡುತ್ತಿದ್ದಳು. ತೊಳೆದರೂ ಹೋಗದ ಶಾಯಿಯ ಪೆನ್ನು. ಆಟಗಾರರು ನಗುತ್ತಾ ಬರೆಯುತ್ತಿದ್ದರು, ಮಾರನೇ ದಿನ ಮರೆಯುತ್ತಿದ್ದರು.

ಇನ್ನು ಗೋಡೆ. ಹೊಲಿಗೆಯಕ್ಕನ ಮೈದುನ, ಗಂಡನ ಒಬ್ಬನೇ ತಮ್ಮ, ರಾಷ್ಟ್ರೀಯ ತಂಡದ ಗೋಲ್‌ಕೀಪರ್ ಆಗಿದ್ದವನು. ಅವನನ್ನು ದಾಟಿ ಒಂದು ಪಕ್ಕೂ ಒಳಗೆ ಹೋಗುವುದಿಲ್ಲ ಎಂದು ಜನ ಇಟ್ಟ ಹೆಸರು ಅದು. ಒಂಬತ್ತು ವರ್ಷದ ಹಿಂದೆ, ಅಂತರರಾಷ್ಟ್ರೀಯ ಟೂರ್ನಿಗೆ ಹದಿನೈದು ದಿನ ಇರುವಾಗ ಅವನು ತನ್ನ ಚಡ್ಡಿ ಹೊತ್ತುಕೊಂಡು ಬಂದು ಅವಳ ಸ್ಟೂಲಿನ ಮೇಲೆ ಕೂತ.

"ಅತ್ತಿಗೆ, ಕಣ್ಣು ಮೊದಲಿನ ಹಾಗಿಲ್ಲ. ಪಕ್ಕು ಲೇಟಾಗಿ ಕಾಣ್ತಿದೆ. ಎರಡೂ ತೊಡೆ ಹೊರಗೆ ಮುಕ್ಕಾಲಿಂಚು ಬೇಕು. ನಿಮ್ಮಿಂದ ಮಾತ್ರ ಆಗೋದು."

ಬೇಡವೆಂದಳು. ಮೂರು ದಿನ ಬೆನ್ನು ಬಿಡಲಿಲ್ಲ, ಒಮ್ಮೆ ಕಣ್ಣೀರೂ ಹಾಕಿದ. ಕೊನೆಗೆ ಅವಳು ಒಪ್ಪಿದ್ದು ಅವನ ಕಣ್ಣೀರಿಗಲ್ಲ. ಇಂಥದ್ದೊಂದನ್ನು ಮಾಡಲು ಸಾಧ್ಯವೇ ಎಂದು ಅವಳ ಕೈಗೇ ಆಸೆ ಹುಟ್ಟಿತ್ತು. ಹೊರ ಹೊಲಿಗೆಯೊಳಗೆ ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿ ಕೂರಿಸಿದಳು. ಮೇಜಿನ ಮೇಲೆ ಹಾಸಿದರೆ ಮಟ್ಟಸ, ಅಳತೆ ಸರಿಯಾಗಿಯೇ ಬರುತ್ತದೆ. ತೊಟ್ಟವನು ಮಂಡಿ ಬಗ್ಗಿಸಿದ ತಕ್ಷಣ ಪಟ್ಟಿ ಅರಳಿ ತೊಡೆಯ ಮೆತ್ತೆ ಎರಡೂ ಕಡೆ ಹೊರಗೆ ನಿಲ್ಲುತ್ತದೆ. ಒಂದೊಂದು ಕಡೆ ಮುಕ್ಕಾಲು ಇಂಚು, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ತಪ್ಪು ಕೆಲಸವೇ. ಆದರೆ ಅಷ್ಟು ಚೆನ್ನಾಗಿ ಅವಳು ಬೇರೇನನ್ನೂ ಹೊಲಿದಿರಲಿಲ್ಲ.

ಟೂರ್ನಿಯಲ್ಲಿ ಎದುರು ತಂಡ ದೂರು ಕೊಟ್ಟಿತು. ತಪಾಸಣೆಯವರು ಚಡ್ಡಿಯನ್ನು ಬಗ್ಗಿಸಿ ನೋಡಿ, ಹೊರ ಹೊಲಿಗೆ ಬಿಚ್ಚಿ ಪ್ಲಾಸ್ಟಿಕ್ ಪಟ್ಟಿ ಹೊರಗೆಳೆದರು. ಸೊಂಟಪಟ್ಟಿಯನ್ನು ಯಾರೂ ಮುಟ್ಟಲಿಲ್ಲ. ಗೋಡೆ ಕ್ಯಾಮೆರಾಗಳ ಮುಂದೆ ನಿಂತು ಸಪ್ಪೆ ಮುಖ ಮಾಡಿಕೊಂಡು ಹೇಳಿದ: "ನಮ್ಮ ಅತ್ತಿಗೆ ಹೊಲಿದಿದ್ದು. ಮೆತ್ತೆ ಗಟ್ಟಿ ಇರಲಿ ಅಂತ ಪಟ್ಟಿ ಹಾಕಿದ್ದಾರೆ. ಪಾಪ, ಅಳತೆ ತಪ್ಪಿದ್ದಾರೆ. ಅವರ ಮೇಲೆ ನನಗೆ ಕೋಪ ಇಲ್ಲ."

ಕೋಪ ಇಲ್ಲವಂತೆ! ಅವಳ ತಲೆ ಮೇಲೆ ಗೂಬೆ ಕೂರಿಸಿದ್ದಲ್ಲದೆ ದೊಡ್ಡ ಮನಸ್ಸಿನವನೆಂದು ಹೊಗಳಿಸಿಕೊಂಡ. ಅವನಿಗೆ ಒಂದು ಪಂದ್ಯದ ನಿಷೇಧ ಮಾತ್ರ ಆಯಿತು. ಅವಳ ಬಗ್ಗೆ ವರದಿಯಲ್ಲಿ "ದರ್ಜಿಯ ಅಳತೆ ದೋಷ" ಎಂದು ಅಚ್ಚಾಯಿತು. ಅಲ್ಲಿಂದ ಕ್ರೀಡಾಂಗಣದಲ್ಲಿ ಅವಳ ಹೆಸರು ಮುಕ್ಕಾಲಿಂಚು. ಎದುರಿಗೆ ಅಕ್ಕ, ಬೆನ್ನ ಹಿಂದೆ ಮುಕ್ಕಾಲಿಂಚು. ಒಬ್ಬೊಬ್ಬರಾಗಿ ಗೋಲ್‌ಕೀಪರ್‌ಗಳು ಬರುವುದು ನಿಂತಿತು. ಕಾಲುಚೀಲದ ತೂತು, ಗೋಲಿನ ಬಲೆ, ಕಿತ್ತುಹೋದ ಗುಂಡಿ ಅವಳ ಪಾಲಿಗೆ ಉಳಿದವು.

ಆಗಲೇ ಬಾಯಿ ಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಿಡಲು ಹೊರಟಿದ್ದಳು. ಅವಳ ಅತ್ತೆ ಎರಡೂ ಕೈ ಹಿಡಿದುಕೊಂಡು, "ನಾನಿರೋವರೆಗೂ ಮನೆ ಮಾತು ಬೀದಿಗೆ ತರಬೇಡಮ್ಮ" ಎಂದು ಮಾತು ತೆಗೆದುಕೊಂಡರು. ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಳು. ಅತ್ತೆಯೂ ಸುಮ್ಮನೆ ಹೋಗುವವರಲ್ಲ, ಎಂಟು ವರ್ಷ ಗಟ್ಟಿಯಾಗಿ ಬದುಕಿದರು. ಅಷ್ಟೂ ವರ್ಷ ಹೊತ್ತುಹೊತ್ತಿಗೆ ಔಷಧಿ ಕೊಟ್ಟು, ತಲೆ ಬಾಚಿ, ಬೆನ್ನು ಉಜ್ಜಿ ನೋಡಿಕೊಂಡವಳು ಹೊಲಿಗೆಯಕ್ಕನೇ. ಗೋಡೆ ತಿಂಗಳಿಗೊಮ್ಮೆ ಬಂದು ಅಮ್ಮನ ಕೆನ್ನೆ ಸವರಿ ಹೋಗುತ್ತಿದ್ದ. ಕಳೆದ ವರ್ಷ ಅತ್ತೆ ತೀರಿಕೊಂಡರು. ಅತ್ತವರಲ್ಲಿ ಸೊಸೆಯೂ ಇದ್ದಳು, ನಿಜವಾಗಿಯೇ ಅತ್ತಳು. ಕಣ್ಣೊರೆಸಿಕೊಂಡಾಗ ಅವಳ ಬಾಯಿಯ ಬೀಗವೂ ಬಿಚ್ಚಿತ್ತು.

ಈ ವರ್ಷ ಅಂತರರಾಷ್ಟ್ರೀಯ ಒಕ್ಕೂಟದಿಂದ ನಿಯಮ ತಿದ್ದುಪಡಿಯ ಕರಡು ಬಂತು. ಪ್ರತಿ ದೇಶದ ಸಂಘವೂ ಮೂರು ವಾರದೊಳಗೆ ಅಭಿಪ್ರಾಯ ಕಳಿಸಬೇಕಿತ್ತು. ನೋಟಿಸ್ ಬೋರ್ಡಿಗೆ ಅಂಟಿಸಿದ ಮೇಲೆ ಕ್ಯಾಂಟೀನಿನಲ್ಲಿ ಬೇರೆ ಮಾತೇ ಇಲ್ಲ. ಎಲ್ಲರಿಗೂ ಕುತ್ತಿಗೆ ಕಾಪು ಕಡ್ಡಾಯ ಎಂಬುದಕ್ಕೆ ಹಳೆಯ ಆಟಗಾರರು ಮುಖ ಸಿಂಡರಿಸಿದರು. ಶಿಕ್ಷೆಗೆ ಹೊರಗೆ ಕೂತವನು ಎದುರಾಳಿ ಗೋಲು ಹೊಡೆದರೂ ಪೂರ್ತಿ ಎರಡು ನಿಮಿಷ ಕೂತೇ ಇರಬೇಕು ಎಂಬ ಸಲಹೆಗೆ ಇಬ್ಬರು ರೆಫರಿಗಳು ಮೇಜು ಕುಟ್ಟಿ ಜಗಳವಾಡಿದರು. ಹೊಲಿಗೆಯಕ್ಕ ಕನ್ನಡಕ ಏರಿಸಿ ಒಂದೊಂದನ್ನೇ ಓದುತ್ತಾ ಹದಿನಾಲ್ಕನೆಯದಕ್ಕೆ ಬಂದು ನಿಂತಳು.

ಗೋಲ್‌ಕೀಪರ್‌ನ ಉಡುಪನ್ನು ಯಾವುದೇ ಪಂದ್ಯದ ನಂತರ, ಮುನ್ಸೂಚನೆ ಇಲ್ಲದೆ, ಮಂಡಿ ಬಗ್ಗಿಸಿ ನಿಲ್ಲಿಸಿಯೇ ಅಳೆಯಬೇಕು. ಅಳತೆ ಮೀರಿದ್ದು ಹೊಲಿದವರ ತಪ್ಪಿನಿಂದಾದರೆ ಅವರಿಗೆ ಎಚ್ಚರಿಕೆ, ಆಟಗಾರನಿಗೆ ಏನೂ ಇಲ್ಲ. ಇಬ್ಬರೂ ತಿಳಿದೇ ಮಾಡಿದ್ದರೆ ಇಬ್ಬರೂ ಎರಡು ಸೀಸನ್ ಆಟದಿಂದ ಹೊರಗೆ.

ಅವಳು ಅದನ್ನು ಎರಡು ಸಲ ಓದಿದಳು. ಮನೆಗೆ ಹೋಗಿ ಗಂಡನಿಗೆ ಹೇಳಿದಾಗ ಅವನು ಮಾಮೂಲಿನಂತೆ, "ಹೋಗ್ಲಿ ಬಿಡು, ಹಳೇದು" ಎಂದ.

"ನಿಮಗೆ ಹಳೇದು. ನಾನು ಬೆಳಗ್ಗೆ ಕೂಡ ಕೇಳಿಸ್ಕೊಂಡೆ, ಮುಕ್ಕಾಲಿಂಚು ಅಂತ."

ಗೋಡೆ ಈಗ ರಾಷ್ಟ್ರೀಯ ತಂಡದ ಕೋಚ್, ನಿಯಮ ಸಮಿತಿಯ ಸದಸ್ಯ ಬೇರೆ. ಹದಿನಾಲ್ಕನೆಯ ತಿದ್ದುಪಡಿಗೆ ಅವನದು ಕಡುವಿರೋಧ. ಯಾಕೆಂದು ಹೊಲಿಗೆಯಕ್ಕನಿಗೆ ಗೊತ್ತಿತ್ತು. ಅವನ ತಂಡದ ಗೋಲ್‌ಕೀಪರ್ ಹುಡುಗರು ಗೋಲಿನ ಮುಂದೆ ಬಗ್ಗಿ ನಿಂತಾಗ ತೊಡೆ ಅರಳುವುದನ್ನು ಅವಳು ಗ್ಯಾಲರಿಯಲ್ಲಿ ಕೂತೇ ಅಳೆದಿದ್ದಳು. ಬೇರೆ ಯಾರೋ ಹೊಲಿದದ್ದು. ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ. ಮೋಸ ಮಾಡುವುದಾದರೂ ನೆಟ್ಟಗೆ ಮಾಡಬಾರದೇ ಎಂದು ಅವಳಿಗೆ ಮೈಯೆಲ್ಲ ಉರಿದಿತ್ತು.

ಸಮಿತಿಯ ಸಭೆಗೆ ನಾಲ್ಕು ದಿನ ಇರುವಾಗ ಗೋಡೆಯೇ ಅವಳ ಕೋಣೆಗೆ ಬಂದ. ಒಂಬತ್ತು ವರ್ಷದಲ್ಲಿ ಮೊದಲ ಸಲ. ಬಾಯಲ್ಲಿ ಬೆಣ್ಣೆ.

"ಅತ್ತಿಗೆ, ಒಂದು ಸಹಾಯ ಆಗ್ಬೇಕಿತ್ತು. ದರ್ಜಿ ಅಂದಮೇಲೆ ಕೈತಪ್ಪು ಆಗೇ ಆಗುತ್ತೆ, ಬೇಕಂತ ಮಾಡಿದ್ದು ಯಾವುದು, ತಪ್ಪಾಗಿದ್ದು ಯಾವುದು ಅಂತ ಯಾರೂ ಹೇಳಕ್ಕಾಗಲ್ಲ, ಅದಕ್ಕೇ ಈ ನಿಯಮ ಬೇಡ ಅಂತ ನಾನು ವಾದ ಮಾಡ್ತಿದ್ದೀನಿ. ನೀವು ಸಭೆಗೆ ಬಂದು ಒಂದೇ ಮಾತು ಹೇಳಿದ್ರೆ ಸಾಕು."

"ಏನಂತ?"

"ಅವತ್ತು ನನ್ನ ಅಳತೆ ತಪ್ಪಿತ್ತು ಅಂತ. ಎಲ್ರಿಗೂ ಗೊತ್ತಿರೋದೇ ಅಲ್ವಾ?"

ಅವಳ ಕೈಯಲ್ಲಿ ಕತ್ತರಿಯಿತ್ತು. ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಇವನಿಗೆ ನಾಚಿಕೆ ಎಂಬುದೇ ಇಲ್ಲವಲ್ಲ ಎಂದು ಒಂದು ಕ್ಷಣ ಬೆರಗಾಗಿ, ಮರುಕ್ಷಣವೇ ಖುಷಿಪಟ್ಟಳು. ಇಷ್ಟು ವರ್ಷ ಯಾರೂ ಅವಳನ್ನು ಯಾವ ಸಭೆಗೂ ಕರೆದಿರಲಿಲ್ಲ. ಈಗ ಕರೆಯುತ್ತಿರುವವನು ಇವನೇ.

"ಬರ್ತೀನಿ. ಆದ್ರೆ ಬರೀ ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ? ಆ ಚಡ್ಡಿನೇ ತಂದ್ರೆ ಎಲ್ಲಿ ತಪ್ಪಿತ್ತು ಅಂತ ತೋರಿಸ್ಬಹುದು."

ಆ ಚಡ್ಡಿ ಎಲ್ಲಿತ್ತು ಗೊತ್ತೇ? ಕ್ರೀಡಾಂಗಣದ ಹೆಬ್ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ. ಟೂರ್ನಿಯ ಮೊದಲ ಪಂದ್ಯದಲ್ಲಿ, ಸಿಕ್ಕಿಬೀಳುವ ಮುಂಚೆ, ಅದನ್ನೇ ತೊಟ್ಟು ಅವನು ನಲವತ್ತೊಂದು ಹೊಡೆತ ತಡೆದಿದ್ದ. ಆ ದಾಖಲೆಯ ನೆನಪಿಗೆಂದು ಹೆಲ್ಮೆಟ್ಟು, ಸ್ಟಿಕ್ಕಿನ ಜೊತೆ ಅದನ್ನೂ ಪ್ರದರ್ಶನಕ್ಕೆ ಇಟ್ಟಿದ್ದರು. ಬೀಗದ ಕೈ ಅವನ ಬಳಿಯೇ ಇತ್ತು. ದಿನಕ್ಕೆ ಎರಡು ಸಲ ಅದರ ಮುಂದೆ ಹಾದುಹೋಗುವಾಗ ಹೊಲಿಗೆಯಕ್ಕನಿಗೆ ಸೊಂಟಪಟ್ಟಿ ಮಾತ್ರ ಕಾಣುತ್ತಿತ್ತು.

"ಒಳ್ಳೇ ಐಡಿಯಾ ಅತ್ತಿಗೆ! ನಾನೇ ತರ್ತೀನಿ" ಎಂದ ಗೋಡೆ. ಬರೆದವನಿಗೆ ಬರೆದದ್ದು ನೆನಪಿರಲಿಲ್ಲ.

ಸಭೆ ಮೇಲಂತಸ್ತಿನ ಕೋಣೆಯಲ್ಲಿ. ಉದ್ದದ ಮೇಜು, ಎಂಟು ಜನ. ಮೇಜಿನ ತುದಿಗೆ ಅಧ್ಯಕ್ಷರು, ಅವರ ಪಕ್ಕ ಕಾರ್ಯದರ್ಶಿ ಮೇಡಂ, ಎದುರಿಗೆ ಮೂವತ್ತು ವರ್ಷ ಸೀಟಿ ಊದಿದ ಹಿರಿಯ ರೆಫರಿ. ಗೋಡೆ ಚಡ್ಡಿಯನ್ನು ಮಗುವಿನಂತೆ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟ. ಅವನ ಭಾಷಣ ಹತ್ತು ನಿಮಿಷ ನಡೆಯಿತು. ಹೊಲಿಗೆಯಕ್ಕ ಮೂಲೆಯ ಕುರ್ಚಿಯಲ್ಲಿ ಕೂತು ಸೊಂಟಪಟ್ಟಿಯನ್ನೇ ನೋಡುತ್ತಿದ್ದಳು.

ಕರೆದಾಗ ಎದ್ದು ಬಂದು ಕೇಳಿದಳು: "ನಿನ್ನ ಬಾಯಲ್ಲೇ ಇನ್ನೊಂದು ಸಲ ಹೇಳಪ್ಪ. ಇದನ್ನು ಅಗಲ ಮಾಡು ಅಂತ ನೀನು ಕೇಳಿರ್ಲಿಲ್ಲ?"

"ಇಲ್ಲ ಅತ್ತಿಗೆ, ನಾನ್ಯಾಕೆ ಕೇಳ್ಲಿ?"

"ನಾನು ಅಳತೆ ತಪ್ಪಿದ್ದು?"

"ಪಾಪ, ಆಗೋದೇ."

ಅವಳು ಜೇಬಿನಿಂದ ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದು ಸೊಂಟಪಟ್ಟಿಯ ಒಳಬದಿಗೆ ಇಟ್ಟು ಎಳೆದಳು. ದಾರ ಟಪಟಪನೆ ಬಿಟ್ಟಿತು. ಒಳಗಿಂದ ಮಡಚಿದ ಬಿಳಿ ಪಟ್ಟಿ ಹೊರಬಂತು. ಹಳದಿಗಟ್ಟಿತ್ತು, ಅಕ್ಷರ ಮಾತ್ರ ಹಾಗೇ ಇತ್ತು. ಅದನ್ನು ನೋಡಿದ ಕೂಡಲೇ ಗೋಡೆಯ ಮುಖದ ಬಣ್ಣ ಇಳಿದುಹೋಯಿತು. ಅವಳು ಪಟ್ಟಿಯನ್ನು ಕಾರ್ಯದರ್ಶಿ ಮೇಡಂ ಕೈಗೆ ಕೊಟ್ಟಳು. ಅವರು ಜೋರಾಗಿ ಓದಿದರು: "ಎರಡೂ ತೊಡೆ ಹೊರಗೆ ಮುಕ್ಕಾಲಿಂಚು. ಹಾಸಿದಾಗ ಕಾಣಬಾರದು." ಕೆಳಗೆ ತಾರೀಖು, ಸಹಿ.

ಗೋಡೆ ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತ. "ಹಾಗಾದ್ರೆ ಇವರೂ ಕಳ್ಳಿನೇ! ಗೊತ್ತಿದ್ದೂ ಹೊಲಿದ್ರಲ್ಲ!"

"ಹೌದು" ಎಂದಳು ಹೊಲಿಗೆಯಕ್ಕ. "ಗೊತ್ತಿದ್ದೇ ಹೊಲಿದೆ. ರೆಫರಿ ಸಾಹೇಬ್ರೇ, ಆ ಪ್ಲಾಸ್ಟಿಕ್ ಪಟ್ಟಿ ಕೂತಿದ್ದ ಜಾಗ ಇನ್ನೂ ಹಾಗೇ ಇದೆ. ಟೇಪ್ ತಗೊಳ್ಳಿ. ನೀವೇ ಅಳೀರಿ."

ಹಿರಿಯ ರೆಫರಿ ಕನ್ನಡಕ ಹಾಕಿಕೊಂಡು ಎಡಗಡೆ ಅಳೆದರು. ಬಲಗಡೆ ಅಳೆದರು. ನಂಬಿಕೆಯಾಗದೆ ಮತ್ತೊಮ್ಮೆ ಎಡಗಡೆ ಅಳೆದರು. "ಮುಕ್ಕಾಲಿಂಚು. ಎರಡೂ ಕಡೆ. ಒಂದು ನೂಲಿನಷ್ಟೂ ವ್ಯತ್ಯಾಸ ಇಲ್ಲ" ಎಂದರು. ಅವರ ದನಿಯಲ್ಲಿ ಬೈಗುಳ ಇರಲಿಲ್ಲ, ಮೆಚ್ಚುಗೆಯಿತ್ತು.

ಇಲ್ಲಿಗೆ ಮುಗಿದಿದ್ದರೆ ಸುಲಭವಿತ್ತು. ಆದರೆ ದೊಡ್ಡವರು ಕೂತ ಕಡೆ ಯಾವುದೂ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಹದಿನಾಲ್ಕಕ್ಕೆ ನಮ್ಮ ಬೆಂಬಲವಿದೆ ಎಂದು ಸಮಿತಿ ಬರೆದು ಕಳಿಸಿತು, ಹೊರಗೆ ಬೆಂಬಲಿಸಿದ ನಿಯಮವನ್ನು ನಮ್ಮಲ್ಲೂ ಅಂದಿನಿಂದಲೇ, ಈಗ ಬಯಲಾದ ಹಳೆಯ ತಪ್ಪಿಗೂ ಸೇರಿಸಿ, ನಡೆಸಬೇಕು ಎಂದೂ ತೀರ್ಮಾನಿಸಿತು. ಆಮೇಲೆ ಕೋಚನ್ನು ಕಳೆದುಕೊಳ್ಳುವ ಭಯ ಶುರುವಾಯಿತು. ಎರಡು ದಿನ ಬಿಟ್ಟು ಕಾರ್ಯದರ್ಶಿ ಮೇಡಂ ಹೊಲಿಗೆಯಕ್ಕನನ್ನು ತಮ್ಮ ಕೋಣೆಗೆ ಕರೆಸಿದರು. ಗೋಡೆ ಆಗಲೇ ಅಲ್ಲಿದ್ದ. ಎರಡು ರಾತ್ರಿ ನಿದ್ದೆಯಿಲ್ಲದ ಮುಖ. ಮೇಜಿನ ಮೇಲೆ ಎರಡು ಕಾಗದ.

"ನೋಡಮ್ಮ, ಅಧ್ಯಕ್ಷರಿಗೆ ನಿಮ್ಮ ಮೇಲೆ ಕರುಣೆ ಇದೆ" ಎಂದರು ಮೇಡಂ. "ಇವರು ತಮಾಷೆಗೆ ಬರೆದಿದ್ದು, ನೀವು ನಿಜ ಅಂದ್ಕೊಂಡು ಹೊಲಿದ್ರಿ, ಅಳತೆಯಲ್ಲಿ ತಪ್ಪಾಯ್ತು. ಹಾಗಂತ ಈ ಮೊದಲನೇ ಕಾಗದದಲ್ಲಿದೆ. ಇದಕ್ಕೆ ಸಹಿ ಹಾಕಿದ್ರೆ ನಿಮಗೆ ಬರೀ ಎಚ್ಚರಿಕೆ. ನಿಮ್ಮ ಕೋಣೆ ನಿಮ್ಮದೇ, ಕೆಲಸ ನಿಮ್ಮದೇ. ಇವರಿಗೂ ತೊಂದರೆ ಇಲ್ಲ."

"ಎರಡನೇದು?"

"ತಿಳಿದೇ ಮಾಡಿದ್ದು ಅಂತ. ಇಬ್ರೂ ಎರಡು ಸೀಸನ್ ಹೊರಗೆ. ಇವರ ಕೋಚ್ ಕೆಲಸ ಹೋಗುತ್ತೆ. ನೀವು ಆಟಗಾರರ ಒಂದು ಗುಂಡಿ ಕೂಡ ಹೊಲಿಯೋ ಹಾಗಿಲ್ಲ."

ಗೋಡೆ ಎದ್ದು ಬಂದ. ಅಗಲ ಹೆಗಲಿನ ಆಳು, ಈಗ ಬಗ್ಗಿ ನಿಂತಿದ್ದ. "ಅತ್ತಿಗೆ, ಕಾಲು ಹಿಡ್ಕೋತೀನಿ. ಅವತ್ತು ಹೆದ್ರಿ ಹಾಗಂದೆ. ಮೊದಲನೇದಕ್ಕೆ ಹಾಕಿಬಿಡಿ. ನನ್ನ ಮನೆ ಹಾಳಾಗುತ್ತೆ. ನಿಮ್ಮ ಕೆಲಸಾನೂ ಹೋಗುತ್ತಲ್ಲ, ಇದ್ರಲ್ಲಿ ನಿಮಗೇನು ಸಿಗುತ್ತೆ?"

ಒಂಬತ್ತು ವರ್ಷ ಅವಳು ಈ ದೃಶ್ಯವನ್ನು ಮನಸ್ಸಿನಲ್ಲೇ ಹೊಲಿದು ಬಿಚ್ಚಿ, ಬಿಚ್ಚಿ ಹೊಲಿದಿದ್ದಳು. ಅವನು ಬೇಡಿಕೊಳ್ಳುವುದನ್ನು ನೋಡಿ ಅಯ್ಯೋ ಎನಿಸುತ್ತದೇನೋ ಎಂದು ಒಳಗೆ ಹುಡುಕಿದಳು. ಎನಿಸಲಿಲ್ಲ. ಹಾಯೆನಿಸಿತು. ಇನ್ನೂ ಸ್ವಲ್ಪ ಹೊತ್ತು ಬೇಡಿಕೊಳ್ಳಲಿ ಎಂದು ಬೇಕೆಂದೇ ಕನ್ನಡಕದ ಗಾಜು ಒರೆಸುತ್ತಾ ನಿಂತಳು.

ಆಮೇಲೆ ಮೊದಲನೇ ಕಾಗದ ಎತ್ತಿಕೊಂಡು ಬೆರಳಿಟ್ಟು ತೋರಿಸಿದಳು. "ಇಲ್ನೋಡು, ಅಳತೆಯಲ್ಲಿ ತಪ್ಪಾಯ್ತು ಅಂತ ಮತ್ತೆ ಬರ್ಸಿದ್ದೀಯ. ಒಂದು ಸಲ ಸಾಲ್ಲಿಲ್ವಾ ನಿನಗೆ?"

ಎರಡನೆಯದನ್ನು ಪೂರ್ತಿ ಓದಿದಳು. "ಮೇಡಂ, ಇಲ್ಲಿ 'ತಿಳಿದು' ಅಂತ ಮಾತ್ರ ಇದೆ. 'ತಿಳಿದು, ಸರಿಯಾದ ಅಳತೆಯಲ್ಲಿ' ಅಂತ ಸೇರಿಸಿ."

"ಅದು ನಿಮಗೇ ಕೆಟ್ಟದ್ದು ಕಣಮ್ಮ."

"ಇರ್ಲಿ. ಸೇರಿಸಿ."

ಮೇಡಂ ಬೇರೆ ದಾರಿ ಕಾಣದೆ ಸೇರಿಸಿದರು. ಅವಳು ಸಹಿ ಹಾಕಿದಳು. ಗೋಡೆ ಅಲ್ಲಿದ್ದ ಕುರ್ಚಿಯಲ್ಲಿ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ಬಾಗಿಲು ದಾಟುವವರೆಗೂ ತಿರುಗಿ ನೋಡಲಿಲ್ಲ. ದಾಟಿದ ಮೇಲೆ ನೋಡಿದಳು, ಚೆನ್ನಾಗಿ ನೋಡಿದಳು.

ಗಂಡ ಗಾಡಿ ನಿಲ್ಲಿಸಿ ಹೊಲಿಗೆ ಕೋಣೆಯ ಮುಂದೆ ಕಾಯುತ್ತಿದ್ದ. "ಇಬ್ಬರಿಗೂ ಎರಡು ಸೀಸನ್" ಎಂದಳು. ಅವನು ತಮ್ಮನ ಬಗ್ಗೆ ಏನೋ ಕೇಳಹೊರಟು, ಹೆಂಡತಿಯ ಮುಖ ನೋಡಿ ಅದನ್ನು ಬಿಟ್ಟು, ಚರ್ಮ ಹೊಲಿಯುವ ಯಂತ್ರವನ್ನು ಎತ್ತಿ ಹೊರಗಿಡಲು ಶುರುಮಾಡಿದ. ಅದು ಅವಳ ಸ್ವಂತದ್ದು.

ಅವಳು ಕತ್ತರಿ, ಸೂಜಿಡಬ್ಬಿ ಚೀಲಕ್ಕೆ ತುಂಬುತ್ತಿದ್ದಾಗ ಬಾಗಿಲಲ್ಲಿ ಯಾರೋ ನಿಂತರು. ಮಹಿಳಾ ತಂಡದ ಗೋಲ್‌ಕೀಪರ್. ಸಭೆಯ ಸುದ್ದಿ ಇಡೀ ಕ್ರೀಡಾಂಗಣ ಸುತ್ತಿತ್ತು. ಒಂಬತ್ತು ವರ್ಷದಲ್ಲಿ ಗೋಲ್‌ಕೀಪರ್ ಒಬ್ಬಳು ಹೊಲಿಸಿಕೊಳ್ಳಲೆಂದು ಆ ಹೊಸ್ತಿಲ ಮೇಲೆ ಕಾಲಿಟ್ಟದ್ದು ಅದೇ ಮೊದಲು.

"ಅಕ್ಕ, ಮೂರು ಕಡೆ ಕೊಟ್ಟೆ, ಯಾರಿಗೂ ಸರಿ ಮಾಡಕ್ಕಾಗ್ಲಿಲ್ಲ. ನಿಮ್ಮ ಕೈಯಲ್ಲಿ ಆಗುತ್ತೆ ಅಂತ ಹಿರಿಯ ರೆಫರಿ ಹೇಳಿದ್ರು" ಎಂದು ಕೈಗವಸನ್ನು ಮುಂದೆ ಚಾಚಿದಳು.

ಹೊಲಿಗೆಯಕ್ಕ ಅದನ್ನು ಹಿಡಿದು ಹೆಬ್ಬೆರಳಿನ ಬುಡ ಒತ್ತಿ ನೋಡಿದಳು. ಕಾಲಿಂಚು ಕೆಳಗೆ ಕೂರಿಸಿದ್ದರು, ದಡ್ಡರು. ಹತ್ತು ನಿಮಿಷದ ಕೆಲಸ. ಬೆರಳುಗಳು ತಾವಾಗಿಯೇ ಚೀಲದೊಳಗಿನ ಸೂಜಿಡಬ್ಬಿಯ ಕಡೆ ಹೋದವು. ಅವಳು ಕೈ ಹಿಂದಕ್ಕೆಳೆದುಕೊಂಡಳು, ಕಣ್ಣು ತುಂಬಿ ಬಂತು.

"ಆಗಲ್ಲಮ್ಮ" ಎಂದಳು, ಓಣಿಯ ಕೊನೆಯವರೆಗೂ ಕೇಳುವ ಹಾಗೆ. "ನನಗೆ ಎರಡು ಸೀಸನ್ ನಿಷೇಧ ಆಗಿದೆ. ಸರಿಯಾದ ಅಳತೆಯಲ್ಲಿ ಮೋಸ ಮಾಡಿದ್ದಕ್ಕೆ."

ಕೈಗವಸನ್ನು ಅವಳ ಕೈಗೇ ವಾಪಸ್ ಕೊಟ್ಟು, ದೀಪ ಆರಿಸಿ, ಗಂಡನ ಹಿಂದೆ ಹೊರಟಳು.